ನಾಲ್ಕು ವಾರಕ್ಕೆ ಬಂದ ಹುಡುಗ

ಎಲ್ಲರಿಗೂ ನಮಸ್ಕಾರ. ಈ ವಿಷಯ ಮಾತಾಡಿ ಅಂತ ಕನ್ನಡ ಕೂಟದವರು ಕೇಳಿದಾಗ ಎರಡು ದಿನ ಯೋಚಿಸಿದೆ. ಇದರಲ್ಲಿ ಒಂದು ಮಗುವಿನ ಬದುಕಿದೆ. ಹಾಗಾಗಿ ಅವನ ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಹುಡುಗ ಅಂತಲೇ ಕರೆಯುತ್ತೇನೆ.

2018ರ ಡಿಸೆಂಬರ್‌ನಲ್ಲಿ ಅವನು ಉಕ್ರೇನ್‌ನಿಂದ ನಮ್ಮ ಮನೆಗೆ ಬಂದ. ಆಗ ಅವನಿಗೆ 12 ವರ್ಷ. ನಾಲ್ಕು ವಾರ ಇದ್ದು ವಾಪಸ್ ಹೋಗಬೇಕು. ಇಲ್ಲಿ ಅಮೆರಿಕದಲ್ಲಿ ಇದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಅನಾಥಾಲಯದ ದೊಡ್ಡ ಮಕ್ಕಳು ಚಳಿಗಾಲದ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ವಿಸಿಟರ್ ವೀಸಾದಲ್ಲಿ ಬಂದು ಒಂದು ಮನೆಯವರ ಜೊತೆ ಇರುತ್ತಾರೆ. ಮುಂದೆ ಆ ಮನೆಯವರು ದತ್ತು ತೆಗೆದುಕೊಳ್ಳಬಹುದು, ಇಲ್ಲ ಅವರ ಪರಿಚಯದವರು ಯಾರಾದರೂ ಮುಂದೆ ಬರಬಹುದು. ಯಾರೂ ಬರದೆಯೂ ಹೋಗಬಹುದು.

ಇದು ಯಾಕೆ ಬೇಕಾಯಿತು ಅಂದರೆ, ದತ್ತು ಕೇಳಿ ಬರುವವರಲ್ಲಿ ಹೆಚ್ಚಿನವರಿಗೆ ಎಳೆಗೂಸೇ ಬೇಕು. 10 ದಾಟಿದ ಮಗುವಿನ ಫೈಲು ಹಾಗೇ ಕೂತಿರುತ್ತದೆ. ತೆಗೆದು ನೋಡಿದರೂ ಅದರಲ್ಲಿ ಎತ್ತರ, ತೂಕ, ಕಾಯಿಲೆ, ಒಂದು ಹಳೇ ಫೋಟೋ. ಈ ಮಗು ಶಿಳ್ಳೆ ಚೆನ್ನಾಗಿ ಹಾಕುತ್ತೆ, ಇಸ್ಪೀಟಿನಲ್ಲಿ ಸೋತರೆ ಅಳು ನುಂಗಿಕೊಳ್ಳುತ್ತೆ ಅಂತ ಯಾರು ಬರೆದಿರುತ್ತಾರೆ? ಜೊತೆಗೆ ಹೊತ್ತೂ ಕಮ್ಮಿ. ಅಮೆರಿಕದ ಕಾನೂನಿನಲ್ಲಿ ಮಗುವಿಗೆ 16 ತುಂಬುವುದರೊಳಗೆ ಅರ್ಜಿ ಹಾಕಿರಬೇಕು. ಒಡಹುಟ್ಟಿದ ಚಿಕ್ಕವರನ್ನೂ ಅದೇ ಮನೆಯವರು ತೆಗೆದುಕೊಂಡರೆ 18ರವರೆಗೆ ಅವಕಾಶ, ಅಷ್ಟೇ.

ಮಕ್ಕಳನ್ನು ಹೀಗೆ ಕರೆಸಿಕೊಳ್ಳುವುದು ಹೊಸದೇನಲ್ಲ. 1986ರಲ್ಲಿ ಚೆರ್ನೋಬಿಲ್ ದುರಂತ ಆಯಿತಲ್ವಾ, ಅದಾದ ಮೇಲೆ ಬೆಲಾರುಸ್ ಮತ್ತು ಉಕ್ರೇನ್‌ನ ಎಷ್ಟೋ ಮಕ್ಕಳು ಐರ್ಲೆಂಡ್, ಇಟಲಿಯ ಮನೆಗಳಿಗೆ ಹೋಗಿ ಕೆಲವು ವಾರ ಇದ್ದು ಬರುತ್ತಿದ್ದರು. ಶುದ್ಧ ಗಾಳಿ, ಒಳ್ಳೇ ಊಟ ಸಿಗಲಿ ಅಂತ. ದತ್ತಿನ ಮಾತು ಅದರಲ್ಲಿ ಇರಲಿಲ್ಲ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಕಿಡ್‌ಸೇವ್ ಸಂಸ್ಥೆ ದೊಡ್ಡ ಮಕ್ಕಳಿಗೆ ಮನೆ ಸಿಗಲಿ ಅಂತಲೇ ಬೇಸಿಗೆಯಲ್ಲಿ ಅವರನ್ನು ಕರೆಸತೊಡಗಿತು. ಕೊಲಂಬಿಯಾದ ಮಕ್ಕಳು ಹೀಗೆ ಬಂದಿದ್ದಾರೆ, ಲಾಟ್ವಿಯಾದವರೂ ಬಂದಿದ್ದಾರೆ.

ನಮ್ಮ ಹುಡುಗ ಇದ್ದದ್ದು ಇಂಟರ್ನಾಟ್‌ನಲ್ಲಿ. ಅಂದರೆ ಸರಕಾರದ ವಸತಿ ಶಾಲೆ. ಅಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ. ಕುಡಿತ, ಬಡತನ, ಜೈಲು, ಹೀಗೆ ಏನೋ ಆಗಿ ಮಗು ಅಲ್ಲಿಗೆ ಬಂದಿರುತ್ತದೆ. ಅನಾಥ ಅನ್ನುವ ಮಾತು ಕೇಳಿದ ಕೂಡಲೇ ಅಪ್ಪ ಅಮ್ಮ ತೀರಿಕೊಂಡಿದ್ದಾರೆ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ರಾತ್ರಿ ಬಾತ್‌ರೂಮಿನಿಂದ ತುಂಬಾ ಹೊತ್ತು ನೀರಿನ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಸಿಂಕಿನಲ್ಲಿ ಸಾಕ್ಸ್ ತೊಳೆಯುತ್ತಿದ್ದ. ಕೈ ತೊಳೆಯುವ ಸೋಪಿನಲ್ಲಿ, ಹಿಮ್ಮಡಿಯ ಜಾಗ ಉಜ್ಜಿ ಉಜ್ಜಿ. ಆಮೇಲೆ ಹಿಂಡಿ, ಟವೆಲ್ ಕಂಬಿಯ ಮೇಲೆ ಒಂದರ ಪಕ್ಕ ಒಂದು ನೇರವಾಗಿ ಹರವಿದ. ಮಷೀನಿದೆ, ಬಿಡು ಅಂದೆ. ತಲೆಯಾಡಿಸಿದ. ಮಾರನೇ ರಾತ್ರಿಯೂ ತೊಳೆದ. ಒಂದು ವಾರ ಹೀಗೇ ನಡೆಯಿತು. ಒಂದು ದಿನ ನಾನೇ ಎಲ್ಲರ ಬಟ್ಟೆ ಒಗೆದು, ಮಡಚಿ, ಅವನದನ್ನು ಅವನ ಡ್ರಾಯರಿನಲ್ಲಿಟ್ಟೆ. ಸಂಜೆ ಡ್ರಾಯರ್ ತೆಗೆದು ನೋಡಿ, ಫೋನಿನಲ್ಲಿ ಟೈಪ್ ಮಾಡಿ ನನಗೆ ತೋರಿಸಿದ: 'ಇವು ಮತ್ತೆ ನನಗೇ ಬಂದವಾ?' ಅವನಿದ್ದ ಕಡೆ ಒಗೆಯಲು ಹಾಕಿದ ಬಟ್ಟೆ ಇನ್ಯಾರದೋ ಮೈಮೇಲೆ ಹೋಗುತ್ತಿತ್ತಂತೆ. ಅವತ್ತಿನಿಂದ ಸಾಕ್ಸ್ ತೊಳೆಯುವುದು ನಿಂತಿತು.

ಊಟದ ಬಗ್ಗೆ ನನಗೆ ಭಯವಿತ್ತು. ಆದರೆ ದೋಸೆ ನೋಡಿದ ಕೂಡಲೇ 'ಮ್ಲಿಂತ್ಸಿ!' ಅಂದ. ಅವರ ಕಡೆಯ ತೆಳು ದೋಸೆ ಅದು, ಮೈದಾ ಹಾಲು ಮೊಟ್ಟೆಯದು. ಗಟ್ಟಿ ಮೊಸರು ಹಾಕಿಕೊಂಡು ಆರು ತಿಂದ.

ಈಗ ನಮ್ಮ ತಪ್ಪಿನ ವಿಷಯ. ಇದನ್ನು ಹೇಳುವುದಕ್ಕೇ ನಾನು ಬಂದಿರುವುದು.

ಮಗುವಿನ ಎದುರು ದತ್ತಿನ ಮಾತು ಎತ್ತಬೇಡಿ ಅಂತ ತರಬೇತಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಮೂರನೇ ವಾರ ಕಳೆಯುವಷ್ಟರಲ್ಲಿ ನಮ್ಮಿಬ್ಬರ ಮನಸ್ಸೂ ಗಟ್ಟಿಯಾಗಿತ್ತು. ಒಂದು ರಾತ್ರಿ ನಮ್ಮ ಯಜಮಾನರು ಅವನ ಪಕ್ಕ ಕೂತು, 'ಮುಂದಿನ ವರ್ಷ ಈ ರೂಮು ನಿನ್ನದೇ' ಅಂದುಬಿಟ್ಟರು. ನಾನು ತಡೆಯಲಿಲ್ಲ. ಸುಮ್ನೆ ನಗುತ್ತಾ ನಿಂತಿದ್ದೆ. ಹುಡುಗ ಗೋಡೆ ಮುಟ್ಟಿ ನೋಡಿದ.

ಅವನು ವಾಪಸ್ ಹೋದ ಮೇಲೆ ಕಾಗದ ಪತ್ರ ಶುರು ಮಾಡಿದೆವು. ಎರಡು ತಿಂಗಳಿಗೆ ಗೊತ್ತಾಯಿತು, ಅವನ ಹೆಸರು ದತ್ತಿನ ಪಟ್ಟಿಯಲ್ಲೇ ಇಲ್ಲ. ತಾಯಿಯ ಹಕ್ಕು ಕೋರ್ಟಿನಲ್ಲಿ ಪೂರ್ತಿ ಇತ್ಯರ್ಥ ಆಗಿರಲಿಲ್ಲ. ಹಳ್ಳಿಯಲ್ಲಿ ಅಜ್ಜಿಯೂ ಇದ್ದರು, ಬಂದು ನೋಡಿಕೊಂಡು ಹೋಗುತ್ತಿದ್ದರು. ಕಳುಹಿಸಿದವರು ಇದನ್ನು ಮೊದಲೇ ಹೇಳಬೇಕಿತ್ತು. ನಾವೂ ಕೇಳಬೇಕಿತ್ತು. ಹೋಸ್ಟಿಂಗ್‌ಗೆ ಬಂದ ಮಗುವೆಲ್ಲಾ ದತ್ತಿಗೆ ಸಿಗುವ ಮಗು ಅಲ್ಲ. ಅಷ್ಟು ಹೊತ್ತಿಗೆ ಅವನು ಹಾಸ್ಟೆಲ್ಲಿನ ಎಲ್ಲರಿಗೂ ರೂಮಿನ ಫೋಟೋ ತೋರಿಸಿ ಆಗಿತ್ತು. ಫೋನಿನಲ್ಲಿ ನಾವು ವಿಷಯ ಹೇಳಿದಾಗ 'ಸರಿ' ಅಂದ, ಅಷ್ಟೇ. ಆಮೇಲೆ ಮೂರು ತಿಂಗಳು ಫೋನ್ ಎತ್ತಲಿಲ್ಲ.

ಹೋಸ್ಟಿಂಗ್ ನಿಲ್ಲಿಸಬೇಕು ಅನ್ನುವವರಿದ್ದಾರೆ. ಮಗುವನ್ನು ಅಂಗಡಿ ಸಾಮಾನಿನ ಹಾಗೆ ಮನೆಗೆ ತಂದು ನೋಡಿ ವಾಪಸ್ ಕಳಿಸುತ್ತೀರಿ ಅನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಮಕ್ಕಳಿಗೆ ಎಲ್ಲಾ ಗೊತ್ತಾಗುತ್ತೆ. ನಾಲ್ಕು ವಾರವೂ ಪರೀಕ್ಷೆ ಬರೆಯುವವರ ಹಾಗೆ ಇರುತ್ತಾರೆ. ಆದರೂ ನಿಲ್ಲಿಸಿ ಅಂತ ನಾನು ಹೇಳಲಾರೆ. ಅಲ್ಲಿ ಒಂಬತ್ತನೇ ತರಗತಿ ಮುಗಿದರೆ ವೃತ್ತಿ ಶಾಲೆಯ ಹಾಸ್ಟೆಲ್, ಅದಾದ ಮೇಲೆ ರಸ್ತೆ. ಆ ವಯಸ್ಸಿನಲ್ಲಿ ಹೊರಗೆ ಒಂದು ಮನೆಯ ಫೋನ್ ನಂಬರ್ ಇರುವುದು ಸಣ್ಣ ವಿಷಯವಲ್ಲ. ದತ್ತು ಆಗದಿದ್ದರೂ ಈ ಮಗುವಿನ ಜೊತೆ ಹತ್ತು ವರ್ಷ ಮಾತಾಡಿಕೊಂಡಿರುತ್ತೇವೆ ಅನ್ನುವವರು ಮಾತ್ರ ಕರೆಸಿಕೊಳ್ಳಲಿ ಅನ್ನುತ್ತೇನೆ.

ಯಾಕೆಂದರೆ ದಾರಿ ಯಾವಾಗ ಬೇಕಾದರೂ ಮುಚ್ಚಬಹುದು. ರಷ್ಯಾ 2012ರ ಕೊನೆಯಲ್ಲಿ ಕಾನೂನು ಮಾಡಿ, 2013ರಿಂದ ಅಮೆರಿಕನ್ನರಿಗೆ ದತ್ತು ಕೊಡುವುದನ್ನೇ ನಿಲ್ಲಿಸಿತು. ಆಗಲೇ ಮಗುವನ್ನು ಕಂಡು ಬಂದಿದ್ದ ಮನೆಗಳೂ ಅದರಲ್ಲಿ ಸಿಕ್ಕಿಕೊಂಡವು. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನ್‌ನ ಇಂಥ ಸಂಸ್ಥೆಗಳಲ್ಲಿ 90,000ಕ್ಕೂ ಜಾಸ್ತಿ ಮಕ್ಕಳಿದ್ದರು. ಯುದ್ಧದ ನಡುವೆ ಹೊರದೇಶದ ದತ್ತು ಆಗದು ಅಂತ ಅಲ್ಲಿನ ಸರಕಾರ ಹೇಳಿತು. ಆ ನಿರ್ಧಾರ ಸರಿಯೇ. ಗಲಾಟೆಯಲ್ಲಿ ಯಾರ ಮಗು ಯಾರ ಕೈಗೆ ಹೋಗುತ್ತೋ ಯಾರಿಗೆ ಗೊತ್ತು. ಅಮೆರಿಕಕ್ಕೆ ದತ್ತಾಗಿ ಬರುವ ಮಕ್ಕಳು 2004ರಲ್ಲಿ ಹತ್ತಿರ ಹತ್ತಿರ 23,000 ಇದ್ದರು. 2023ರಲ್ಲಿ 1,275.

ನಮ್ಮ ಊರಿನ ಮಕ್ಕಳನ್ನು ಹೀಗೆ ಕರೆಸಬಹುದಾ ಅಂತ ಇಲ್ಲಿ ಕೆಲವರು ಕೇಳಿದಿರಿ. ಭಾರತದ ದಾರಿಯೇ ಬೇರೆ. ಅಲ್ಲಿ ಎಲ್ಲವೂ ಕಾರಾ, ಅಂದರೆ ದತ್ತು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆಯ ಮೂಲಕ ನಡೆಯಬೇಕು, ಅನಿವಾಸಿಗಳೂ ಅದರ ಪೋರ್ಟಲ್‌ನಲ್ಲೇ ಹೆಸರು ಹಾಕಬೇಕು. ದೊಡ್ಡ ಮಕ್ಕಳು ಅಲ್ಲಿಯೂ ಕಾಯುತ್ತಿದ್ದಾರೆ. ನೇರವಾಗಿ ಯಾವುದಾದರೂ ಆಶ್ರಮಕ್ಕೆ ಹೋಗಿ ಮಾತಾಡಿಕೊಂಡು ಬರುವುದು ಮಾತ್ರ ಬೇಡ.

ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ನಾಲ್ಕನೇ ತಿಂಗಳಲ್ಲಿ ಅವನೇ ಫೋನ್ ಮಾಡಿದ. ಭಾನುವಾರ ಭಾನುವಾರ ಮಾಡುತ್ತಲೇ ಬಂದ. ಯುದ್ಧ ಶುರುವಾದ ವಾರ ನೆಲಮಾಳಿಗೆಯಿಂದ ಮಾಡಿದ, ಸಿಗ್ನಲ್ ಹೋಗಿ ಬಂದು ಆಗುತ್ತಿತ್ತು. ಆಮೇಲೆ ಶಾಲೆಯವರ ಜೊತೆ ಪೋಲೆಂಡಿಗೆ ಹೋದ. ಈಗ ಅಲ್ಲೇ ವೆಲ್ಡಿಂಗ್ ಕಲಿತು ಕೆಲಸ ಮಾಡುತ್ತಿದ್ದಾನೆ, ಅಜ್ಜಿಗೆ ದುಡ್ಡು ಕಳಿಸುತ್ತಾನೆ. ಆ ರೂಮಿನಲ್ಲಿ ಈಗ ನಮ್ಮ ಅತ್ತೆ ಇದ್ದಾರೆ. ಅದನ್ನೂ ಅವನಿಗೆ ಹೇಳಿದ್ದೇವೆ. ಕೆಳಗಿನ ಡ್ರಾಯರ್ ಮಾತ್ರ ಅವನದು. ಅದರಲ್ಲಿ ಅವನು ಬಿಟ್ಟುಹೋದ ಎರಡು ಜೊತೆ ಸಾಕ್ಸ್ ಇವೆ.