ಇಲ್ಲಿ ಗಿಡ ನೆಡುವ ಹಬ್ಬ ದಸರಾ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಬಿಸಿಬೇಳೆ ಬಾತಿನ ವಾಸನೆ ಆಗಲೇ ಇಲ್ಲಿಗೆ ಬರುತ್ತಿದೆ, ಹಾಗಾಗಿ ಪೀಠಿಕೆ ಬಿಡುತ್ತೇನೆ.

ನಾವೆಲ್ಲ ಮುಂಗಾರಿನ ಮಕ್ಕಳು. ಜೂನ್ ಬಂತು ಅಂದ್ರೆ ಗಿಡ ನೆಡಬೇಕು ಅನ್ನೋದು ಮೈಗೇ ಹತ್ತಿದೆ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಜೂನ್‌ಗೆ ನೆಟ್ಟರೆ ಆ ಎಳೆ ಗಿಡ ನಾಲ್ಕೈದು ತಿಂಗಳು ಆಕಾಶ ನೋಡುತ್ತಾ ಕೂರಬೇಕು. ವರ್ಷಕ್ಕೆ ಬೀಳೋದೇ ಸುಮಾರು 15 ಇಂಚು. ಅದೂ ಬಹುಪಾಲು ನವೆಂಬರ್‌ನಿಂದ ಏಪ್ರಿಲ್ ಒಳಗೆ. ನಮ್ಮೂರಲ್ಲಿ ಸೆಕೆಯ ಹಿಂದೆಯೇ ಮಳೆ. ಇಲ್ಲಿ ಮಳೆಗೆ ಚಳಿ ಜೊತೆ. ಗ್ರೀಸ್, ಕೇಪ್ ಟೌನ್, ಪರ್ತ್, ಚಿಲಿಯ ನಡುಭಾಗ, ಎಲ್ಲಾ ಕಡೆ ಇದೇ ಕಥೆ. ಅದಕ್ಕೇ ಹೇಳೋದು, ದಸರಾಗೆ ನೆಡಿ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಹಿಂದೆಯೇ ಮಳೆ ಬರುತ್ತದೆ, ಬೇಸಿಗೆ ಹೊತ್ತಿಗೆ ಬೇರು ಆಳಕ್ಕೆ ಇಳಿದಿರುತ್ತದೆ.

2015ರ ಬರ ನೆನಪಿದೆಯಲ್ಲ? ಏಪ್ರಿಲ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಊರುಗಳ ನೀರಿನ ಬಳಕೆ ಶೇ. 25 ಇಳಿಸಬೇಕು ಎಂದರು. ನಾನು ಶೂರನ ಹಾಗೆ ಲಾನ್ ಕಿತ್ತೆ. ಸಿಯನೋಥಸ್ ನೆಟ್ಟೆ, ನೀಲಿ ಹೂ ಬಿಡುವ ಇಲ್ಲಿನದೇ ಪೊದೆ. ಎರಡು ಬೇಸಿಗೆ ಚೆನ್ನಾಗಿತ್ತು. ಮೂರನೆಯದಕ್ಕೆ ತುಮಕೂರಿಂದ ಅಮ್ಮ ಬಂದರು.

ಜುಲೈಯಲ್ಲಿ ಎಲೆ ಸ್ವಲ್ಪ ಸೊರಗಿದ್ದು ಅಮ್ಮನ ಕಣ್ಣಿಗೆ ಬಿತ್ತು. "ಪಾಪ, ಬಾಯಾರಿದೆ ಕಣೋ, ನಿಂಗೆ ಕರುಳಿಲ್ವಾ?" ದಿನಾ ಸಂಜೆ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸಾಲದ್ದಕ್ಕೆ ಒಂದು ಬಕೆಟ್. ಬೇಡ ಅನ್ನಬೇಕಿತ್ತು. ಅಮ್ಮನಿಗೆ ಹಾಗೆ ಹೇಳುವ ಧೈರ್ಯ ಇರೋರು ಇಲ್ಲಿ ಯಾರಾದ್ರೂ ಇದ್ದರೆ ಕೈ ಎತ್ತಿ. ಇಲ್ಲ, ಅಲ್ವಾ? ಆಗಸ್ಟ್‌ನಲ್ಲಿ ಒಂದೊಂದೇ ಕೊಂಬೆ ಒಣಗಿತು. ಒಣಗಿದ್ದು ಕಂಡು ಅಮ್ಮ ಎರಡು ಬಕೆಟ್ ಮಾಡಿದರು. ಕೊನೆಗೆ ಕಿತ್ತು ನೋಡಿದರೆ ಬೇರುಗಳೆಲ್ಲ ಕಪ್ಪು. ಎಳೆದರೆ ಸಿಪ್ಪೆ ಕೈಗೇ ಬಂತು.

ಬಿಸಿ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರು ಕೊಳೆಸುವ ರೋಗಕ್ಕೆ ಅದೇ ಹಬ್ಬ. ಈ ನೆಲದ ಎಷ್ಟೋ ಗಿಡಗಳು ಬೇಸಿಗೆಯಲ್ಲಿ ಅರೆನಿದ್ದೆಯಲ್ಲಿರುತ್ತವೆ. ಮಲಗಿದವರನ್ನು ಎಬ್ಬಿಸಿ ಊಟ ಹಾಕಬಾರದು, ಆದರೆ ಅಮ್ಮಂದಿರು ಇದನ್ನು ಒಪ್ಪಲ್ಲ. ಹಿತ್ತಲಲ್ಲಿ ಹಳೇ ಓಕ್ ಮರ ಇದ್ದರೂ ಅಷ್ಟೇ, ಅದರ ಬುಡಕ್ಕೆ ಸ್ಪ್ರಿಂಕ್ಲರ್ ತಿರುಗಿಸಬೇಡಿ.

ನಿಂಬೆ, ಮಲ್ಲಿಗೆಗೆ ನೀರು ಬೇಕೇ ಬೇಕು. ಯಾವಾಗ? ಈ ಸ್ಕ್ರೂಡ್ರೈವರ್ ಅದಕ್ಕೇ ತಂದೆ. ಸೆಕ್ಯೂರಿಟಿಯವರು ವಿಚಿತ್ರವಾಗಿ ನೋಡಿದರು. ಮಣ್ಣಿಗೆ ಚುಚ್ಚಿ. ಆರಿಂಚು ಸಲೀಸಾಗಿ ಇಳಿದರೆ ಒಳಗೆ ತೇವ ಇದೆ, ಪೈಪ್ ಮುಟ್ಟಬೇಡಿ. ಎರಡಿಂಚಿಗೇ ನಿಂತರೆ ನೀರು ಕೊಡಿ. ಇಲ್ಲಿ ಜಾಸ್ತಿ ಜಿಗಟು ಮಣ್ಣು, ಒಂದೇ ಸಲ ಸುರಿದರೆ ರಸ್ತೆಗೆ ಹರಿಯುತ್ತದೆ. ಹತ್ತು ನಿಮಿಷ ಬಿಡಿ, ಒಂದು ಗಂಟೆ ಸುಮ್ನಿರಿ, ಮತ್ತೆ ಬಿಡಿ. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿದುಬಿಡುತ್ತದೆ.

ಇನ್ನು ಮಲ್ಚ್. ಮಲೆನಾಡಲ್ಲಿ ಅಡಿಕೆ ಬುಡಕ್ಕೆ ಸೊಪ್ಪು ಮುಚ್ಚುತ್ತಾರಲ್ಲ, ಅದೇ. ಮರದ ಚೂರು ಮೂರಿಂಚು ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಮರ ಕಡಿಯುವವರನ್ನು ಕೇಳಿದರೆ ಎಷ್ಟೋ ಸಲ ಪುಕ್ಕಟೆ ಸುರಿದು ಹೋಗುತ್ತಾರೆ.

ಚೀಟಿ ಬಂತು. ಡ್ರಿಪ್, ಬಟ್ಟೆ ಒಗೆದ ನೀರು, ಎಲ್ಲಾ ಬಾಕಿ ಇದೆ, ಊಟದಲ್ಲಿ ಹಿಡಿಯಿರಿ. ಕರಿಬೇವಿನ ಬಗ್ಗೆ ಒಂದೇ ಮಾತು: ಸ್ನೇಹಿತರ ಮನೆ ಗಿಡವನ್ನು ಕಾರಿಗೆ ಹಾಕಿಕೊಂಡು ಕೌಂಟಿ ದಾಟಿಸಬೇಡಿ. ಕಿತ್ತಳೆ, ನಿಂಬೆಗೆ ರೋಗ ಹರಡುವ ಸಿಲ್ಲಿಡ್ ಹುಳು ಅದರಲ್ಲೂ ಕೂರುತ್ತದೆ, ಅದಕ್ಕೇ ಸಾಗಾಟಕ್ಕೆ ನಿರ್ಬಂಧ ಇದೆ.

ಹೊರಗೆ ಮೇಜಿನ ಮೇಲೆ ಸೇಜ್ ಸಸಿ ಇಟ್ಟಿದ್ದೇನೆ, ಮನೆಗೊಂದು. ದಸರಾ ಈಗಷ್ಟೇ ಮುಗಿದಿದೆ, ನಾಳೆಯೇ ನೆಡಿ. ಎರಡನೇ ಸಾಲಿನಲ್ಲಿ ಹಸಿರು ಸೀರೆಯುಟ್ಟು ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರಲ್ಲ, ಅವರ ಕೈಗೆ ಮಾತ್ರ ಕೊಡಬೇಡಿ.