ದೀಪ ಉರಿದರೂ ಎಂಜಿನ್ ಏಕೆ ತಿರುಗುವುದಿಲ್ಲ?

ಮಾನ್ಯ ಸಭಿಕರೆ,

ಭಾನುವಾರದ ಬೆಳಿಗ್ಗೆ ಬಸವನಗುಡಿಯ ಈ ಸಭಾಂಗಣಕ್ಕೆ ಬಂದಿರುವ ತಮಗೆಲ್ಲ ನಮಸ್ಕಾರ. ಕಾರುಗಳ ವಿದ್ಯುತ್ ದುರಸ್ತಿಯ ಕೆಲಸದಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ದೂರು ಇದು: ‘ಲೈಟೆಲ್ಲ ಚೆನ್ನಾಗಿ ಉರೀತಿದೆ, ಹಾರನ್ನೂ ಕೇಳಿಸ್ತಿದೆ, ಆದ್ರೆ ಗಾಡಿ ಸ್ಟಾರ್ಟ್ ಆಗ್ತಿಲ್ಲ.’ ಬ್ಯಾಟರಿಯೂ ವೈರುಗಳೂ ಸರಿಯಾಗಿವೆ ಎಂಬುದಕ್ಕೆ ಉರಿಯುವ ದೀಪವನ್ನೇ ಸಾಕ್ಷಿಯಾಗಿ ಕೊಡುತ್ತಾರೆ. ಆ ಸಾಕ್ಷಿ ಸಾಲದು. ಏಕೆ ಸಾಲದು ಎಂಬುದು ಅರ್ಥವಾದರೆ, ವಿನಾಕಾರಣ ಹೊಸ ಬ್ಯಾಟರಿ ಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.

ಕಾರಿನ ಹಿಂಬದಿಯ 5 ವಾಟ್ ಬಲ್ಬಿಗೆ ಅರ್ಧ ಆಂಪಿಯರ್ ವಿದ್ಯುತ್ತೂ ಬೇಕಿಲ್ಲ. ಹ್ಯಾಲೊಜೆನ್ ಹೆಡ್‌ಲೈಟುಗಳು ಎರಡೂ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಆದರೆ ಎಂಜಿನನ್ನು ತಿರುಗಿಸುವ ಸೆಲ್ಫ್ ಮೋಟಾರು ಸಣ್ಣ ಪೆಟ್ರೋಲ್ ಕಾರಿನಲ್ಲಿಯೂ 100ರಿಂದ 200 ಆಂಪಿಯರ್ ಕೇಳುತ್ತದೆ. ಈ ವಿದ್ಯುತ್ತು ಬ್ಯಾಟರಿಯ ಪ್ಲಸ್‌ನಿಂದ ದಪ್ಪ ಕೇಬಲ್ ಹಿಡಿದು, ಕೀಲಿ ತಿರುಗಿಸಿದಾಗ ಮೋಟಾರಿಗೆ ವಿದ್ಯುತ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ದಾಟಿ, ಮೋಟಾರಿನೊಳಗೆ ಹೋಗಿ, ಎಂಜಿನ್ನಿನ ಲೋಹದ ಮೈಯಿಂದ ಅರ್ತ್ ಪಟ್ಟಿ ಎಂಬ ಹೆಣೆದ ತಾಮ್ರದ ಪಟ್ಟಿಯ ಮೂಲಕ ಕಾರಿನ ಲೋಹದ ಚೌಕಟ್ಟಿಗೆ ಇಳಿದು, ಮತ್ತೆ ಮೈನಸ್‌ಗೆ ಮರಳಬೇಕು. ಈ ದಾರಿಯ ಯಾವುದೋ ಒಂದು ಬೋಲ್ಟಿನ ಅಡಿಯಲ್ಲಿ ತುಕ್ಕು ಕೂತು ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಸೇರಿದೆ ಎಂದುಕೊಳ್ಳಿ. ಅದೇ ದಾರಿಯಲ್ಲಿ 10 ಆಂಪಿಯರ್ ಹರಿದರೆ ನಷ್ಟವಾಗುವುದು 0.1 ವೋಲ್ಟ್; ದೀಪ ಮಂಕಾದದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. 150 ಆಂಪಿಯರ್ ಹರಿದಾಗ ನಷ್ಟ 1.5 ವೋಲ್ಟ್, ಮತ್ತು ಮೋಟಾರು ಮುಲುಗಲು ಅಷ್ಟು ಸಾಕು.

ಕಳೆದ ಮಳೆಗಾಲದಲ್ಲಿ ಜಯನಗರದ ಹಿರಿಯರೊಬ್ಬರು ನನ್ನನ್ನು ಕರೆಸಿದರು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದ್ದರೂ ಅವರ ಕಾರು ಬೆಳಿಗ್ಗೆ ಎದ್ದರೆ ನರಳುತ್ತಿತ್ತು. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್ ಇದೆ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಹಿಡಿದು, ಸೆಲ್ಫ್ ಹೊಡೆಯುವಂತೆ ಅವರ ಮಗನಿಗೆ ಹೇಳಿದೆ. 0.2 ವೋಲ್ಟ್ ದಾಟಬಾರದ ಕಡೆ 1.8 ತೋರಿಸಿತು. ‘ಸರ್, ಬ್ಯಾಟರಿಯಲ್ಲಿ ಏನೂ ದೋಷವಿಲ್ಲ, ಹಿಂದಿನದರಲ್ಲಿಯೂ ಇದ್ದಿರಲಾರದು’ ಎಂದೆ. ಏರ್ ಫಿಲ್ಟರ್ ಡಬ್ಬಿಯ ಕೆಳಗಿದ್ದ ಅರ್ತ್ ಪಟ್ಟಿಯನ್ನು ಬಿಚ್ಚಿದಾಗ, ಹೆಣೆದ ತಾಮ್ರದ ಎಳೆಗಳಲ್ಲಿ ಅರ್ಧಕ್ಕರ್ಧ ಕಡಿದುಹೋಗಿದ್ದವು. ವಾಷರಿನ ಕೆಳಗೆ ಹಸಿರು ಬೆರೆತ ಬಿಳಿ ಹಿಟ್ಟು, ಅದರ ಕೆಳಗೆ ಕಂದು ತುಕ್ಕು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಜೆ.ಸಿ. ರಸ್ತೆಯಿಂದ ತಂದ ಹೊಸ ಪಟ್ಟಿಯನ್ನು ಬಿಗಿದ ಮೇಲೆ ಅದೇ ಅಳತೆ 0.1ಕ್ಕೆ ಇಳಿಯಿತು. ಆ ಹಿರಿಯರು ಎರಡು ಬ್ಯಾಟರಿಗಳಿಗೆ ಸುರಿದ ಹಣವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮೀಟರ್ ಕೈಯಲ್ಲಿಲ್ಲದಿದ್ದರೂ ಕಿವಿಯಂತೂ ಇದೆ. ಕೀಲಿ ತಿರುಗಿಸಿದಾಗ ಟಕಟಕಟಕ ಎಂದು ಬಿಡದೆ ಸದ್ದು ಬಂದರೆ, ಸೊಲೆನಾಯ್ಡ್ ಎಳೆದುಕೊಂಡ ಕೂಡಲೇ ವೋಲ್ಟೇಜ್ ಕುಸಿದು ಅದು ಕೈಬಿಡುತ್ತಿದೆ, ಮತ್ತೆ ಎಳೆಯುತ್ತಿದೆ ಎಂದರ್ಥ. ಬ್ಯಾಟರಿ ಇಳಿದಿರುತ್ತದೆ ಅಥವಾ ಟರ್ಮಿನಲ್ ಸಡಿಲವಿರುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ಆಮೇಲೆ ಮೌನವಾದರೆ ಸೆಲ್ಫಿನ ಒಳಗಿನ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಬ್ರಷ್ ಸವೆದಿರುವ ಸಂಭವ ಹೆಚ್ಚು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲಿನ ಸ್ವಿಚ್ ಇವುಗಳನ್ನು ನೋಡಬೇಕು. ಆಟೊಮ್ಯಾಟಿಕ್ ಗಾಡಿಯಾದರೆ ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಬೀಗದ ಚಿತ್ರ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ನಿಮ್ಮ ಕೀಲಿಯನ್ನು ಗುರುತಿಸಿಲ್ಲವೆಂದು ತಿಳಿದು ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ.

ಅಳತೆಯ ವಿಷಯದಲ್ಲಿ ಮೂರು ಅಂಕಿಗಳು ನೆನಪಿನಲ್ಲಿದ್ದರೆ ಸಾಕು. ಕೆಲವು ಗಂಟೆ ಸುಮ್ಮನೆ ನಿಂತ ಕಾರಿನ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5ರ ನಡುವೆ ಇರಬೇಕು, ಇಲ್ಲದಿದ್ದರೆ ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ವಾರಗಟ್ಟಲೆ ನಿಲ್ಲುವ ಕಾರುಗಳ ಕಥೆ ಬೇರೆ. ಕೀಲಿ ತೆಗೆದ ಮೇಲೂ ಅಲಾರಂ, ಗಡಿಯಾರ, ಕಂಪ್ಯೂಟರ್ ಘಟಕಗಳು ಒಂದಿಷ್ಟು ವಿದ್ಯುತ್ ಸೇವಿಸುತ್ತಿರುತ್ತವೆ, ಮತ್ತು ಅದು 50 ಮಿಲಿಆಂಪಿಯರಿನೊಳಗಿದ್ದರೆ ಸಹಜವೆನ್ನುತ್ತೇವೆ. ಆ ಸಹಜವೇ ದಿನಕ್ಕೆ 1.2 ಆಂಪಿಯರ್-ಗಂಟೆಯಂತೆ ಎರಡು ವಾರದಲ್ಲಿ 17ರ ಹತ್ತಿರ ಬರುತ್ತದೆ, ಎಂದರೆ 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯ ಸುಮಾರು ಅರ್ಧ. ಹೊರಗಿನಿಂದ ಕೂರಿಸಿದ ಕ್ಯಾಮೆರಾ ಕೀಲಿ ತೆಗೆದ ಮೇಲೂ 300 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಐದಾರು ದಿನಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಅದೇ ನೆಲಮಾಳಿಗೆಯಲ್ಲಿ ಇಲಿಗಳೂ ಇರುತ್ತವೆ. ಬಾನೆಟ್ ತೆರೆದಾಗ ಹಿಕ್ಕೆಯೋ ಕಡಿದ ಪ್ಲಾಸ್ಟಿಕ್ ಚೂರುಗಳೋ ಕಂಡರೆ ಸೆಲ್ಫ್ ಹೊಡೆಯದೆ ಮೊದಲು ವೈರುಗಳನ್ನು ಪರೀಕ್ಷಿಸಿ.

ಬ್ಯಾಟರಿ ಇಳಿದ ಕಾರಿಗೆ ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡುವಾಗ ಕೆಂಪು ಕೇಬಲನ್ನು ಇಳಿದ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪನ್ನು ಒಳ್ಳೆಯದರ ಮೈನಸ್‌ಗೆ ಹಾಕಿ, ಕೊನೆಯ ತುದಿಯನ್ನು ನಿಂತ ಕಾರಿನ ಬ್ಯಾಟರಿಯಿಂದ ದೂರದಲ್ಲಿರುವ ಎಂಜಿನ್ನಿನ ಲೋಹಕ್ಕೆ ಹಚ್ಚಬೇಕು. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರಬಹುದು; ಅವೆರಡೂ ಒಂದೆಡೆ ಸೇರಿ ಬ್ಯಾಟರಿ ಸಿಡಿದರೆ ಆಮ್ಲ ಮುಖಕ್ಕೆ ಎರಚುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಹೊರಗೆ ನನ್ನ ಕಾರಿನ ಬಾನೆಟ್ ತೆರೆದಿಟ್ಟಿದ್ದೇನೆ. ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ. ಒಬ್ಬರು ಒಳಗೆ ಕೂತು ಕೀಲಿ ತಿರುಗಿಸಿದರೆ, ಮೈನಸ್ ಕಂಬದಿಂದ ಎಂಜಿನ್ನಿನವರೆಗಿನ ಆ ಅಳತೆಯನ್ನು ತಾವೇ ಮುಳ್ಳು ಹಿಡಿದು ನೋಡಬಹುದು.