ಒತ್ತಕ್ಷರದ ಕಾಲು ಕಡಿದ ಕ್ಲಾಸು

ಎಲ್ರಿಗೂ ನಮಸ್ಕಾರ. ಇವತ್ತು ಒಂದು ಪೆಟ್ಟು ತಿಂದ ಕಥೆಯಿಂದಲೇ ಶುರು ಮಾಡ್ತೀನಿ.

ಹೋದ ವರ್ಷ ಒಂದು ಸಂಗೀತ ಸಭೆಯವರಿಗೆ ಸೈಟ್ ಮಾಡಿಕೊಟ್ಟೆ. ಸಣ್ಣದು, ನಾಲ್ಕೇ ಪುಟ. ಟೈಲ್‌ವಿಂಡ್ ಅನ್ನೋ ರೆಡಿಮೇಡ್ ಸ್ಟೈಲ್‌ಗಳ ಫ್ರೇಮ್‌ವರ್ಕ್ ಹಾಕಿ ಎರಡು ದಿನದಲ್ಲಿ ಮುಗಿಸಿ, ಒಳಗೊಳಗೇ ಬೀಗಿದ್ದೂ ಆಯ್ತು. ಮೂರನೇ ದಿನ ಸಭೆಯ ಹಿರಿಯರೊಬ್ಬರು ಫೋನ್ ಮಾಡಿದ್ರು. "ಏನ್ ಸ್ವಾಮಿ, ನಮ್ಮ ಶಾಸ್ತ್ರೀಯ ಸಂಗೀತದ ಕಾಲೇ ಮುರಿದುಬಿಟ್ಟಿದ್ದೀರಲ್ಲ!"

ತೆಗೆದು ನೋಡಿದ್ರೆ ನಿಜ. 'ಶಾಸ್ತ್ರೀಯ' ಅನ್ನೋ ಪದದಲ್ಲಿ ತ-ಒತ್ತು, ರ-ಒತ್ತು ಎರಡೂ ಅರ್ಧಕ್ಕೇ ಕತ್ತರಿಸಿ ಹೋಗಿವೆ. ಯಾಕೆ? ಹೆಡ್ಡಿಂಗ್‌ಗೆ ನಾನು ಹಾಕಿದ್ದು ಟೆಕ್ಸ್ಟ್-ಫೈವ್-ಎಕ್ಸ್‌ಎಲ್ ಅನ್ನೋ ಕ್ಲಾಸು, ಅಂದ್ರೆ ಟೈಲ್‌ವಿಂಡ್‌ನ ಒಂದು ರೆಡಿಮೇಡ್ ಸ್ಟೈಲು. ಹೆಸರು ನೋಡಿದ್ರೆ ಅಕ್ಷರದ ಗಾತ್ರಕ್ಕೆ ಮಾತ್ರ ಸಂಬಂಧಪಟ್ಟಿದ್ದು ಅನ್ಸುತ್ತೆ. ಆದ್ರೆ ಅದು ಸದ್ದಿಲ್ಲದೆ ಲೈನ್-ಹೈಟನ್ನೂ 1ಕ್ಕೆ ಇಳಿಸುತ್ತೆ. ಅಕ್ಷರ 48 ಪಿಕ್ಸೆಲ್, ಸಾಲಿನ ಎತ್ತರವೂ 48 ಪಿಕ್ಸೆಲ್. ಇಂಗ್ಲಿಷ್ ಹೆಡ್ಡಿಂಗ್‌ಗೆ ಅದು ಚೆನ್ನಾಗೇ ಕಾಣುತ್ತೆ. ನಮ್ಮ ಲಿಪಿ ಹಾಗಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು, ಒಂದೊಂದು ಸಲ ಒತ್ತಿನ ಪಕ್ಕ ಇನ್ನೊಂದು ಒತ್ತು. ಸಾಲದ್ದಕ್ಕೆ ಹೆಡ್ಡಿಂಗ್ ಎರಡು ಸಾಲು ಮೀರಬಾರದು ಅಂತ ಲೈನ್-ಕ್ಲಾಂಪ್ ಬೇರೆ ಹಾಕಿದ್ದೆ. ಪೆಟ್ಟಿಗೆಯಿಂದ ಹೊರಗೆ ಚಾಚಿದ್ದನ್ನೆಲ್ಲ ಅದು ಮುಚ್ಚಿಹಾಕಿತು. (ಅದೇ ಹೆಡ್ಡಿಂಗ್‌ಗೆ ಅಪ್ಪರ್‌ಕೇಸ್ ಅನ್ನೋ ಕ್ಲಾಸೂ ಇತ್ತು ಅಂತ ಆಮೇಲೆ ಗೊತ್ತಾಯ್ತು. ಕನ್ನಡಕ್ಕೆ ಅಪ್ಪರ್‌ಕೇಸ್! ಎಲ್ಲಿಂದಲೋ ಕಾಪಿ ಹೊಡೆದಿದ್ದು, ಬಿಡಿ.)

ರಿಪೇರಿಗೆ ಬೇಕಾಗಿದ್ದು ಮಾಮೂಲಿ ಸಿಎಸ್‌ಎಸ್‌ನ (ಪುಟ ಹೇಗೆ ಕಾಣಬೇಕು ಅಂತ ಹೇಳೋ ಭಾಷೆ) ಒಂದೇ ರೂಲ್. ಎಚ್‌ಟೂ, ಕೊಲನ್, ಲ್ಯಾಂಗ್, ಬ್ರಾಕೆಟ್ ಒಳಗೆ ಕೆಎನ್. ಅಂದ್ರೆ ಕನ್ನಡದಲ್ಲಿರೋ ಹೆಡ್ಡಿಂಗ್ ಎಲ್ಲೇ ಬಂದ್ರೂ ಲೈನ್-ಹೈಟ್ 1.6 ಇರಲಿ ಅಂತ. ಅಷ್ಟು ಬರೆದೆ, ಆದ್ರೂ ಕೆಲಸ ಮಾಡ್ಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೀತು: ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಇನ್ನೂ 'ಇಎನ್', ಅಂದ್ರೆ ಇಂಗ್ಲಿಷ್ ಅಂತಲೇ ಇದೆ! ನಿಮ್ಮ ಸೈಟಿನಲ್ಲೂ ಒಮ್ಮೆ ನೋಡಿಕೊಳ್ಳಿ.

ಇಷ್ಟು ಕೇಳಿ, ಇವನು ಟೈಲ್‌ವಿಂಡ್ ವಿರೋಧಿ ಅಂದ್ಕೋಬೇಡಿ. ನನ್ನ ತಕರಾರು ಬೇರೆ. ಈ ಫ್ರೇಮ್‌ವರ್ಕುಗಳು ಹುಟ್ಟಿದ ಕಾರಣವನ್ನೇ ನಾವು ಮರೆತಿದ್ದೀವಿ.

2011ರಲ್ಲಿ ಟ್ವಿಟರ್‌ನ ಮಾರ್ಕ್ ಒಟ್ಟೊ, ಜೇಕಬ್ ಥಾರ್ನ್‌ಟನ್ ಬೂಟ್‌ಸ್ಟ್ರಾಪ್ ಅನ್ನೋ ಫ್ರೇಮ್‌ವರ್ಕ್ ಹೊರಗೆ ಬಿಟ್ಟಾಗ, ಮೂರು ಕಾಲಮ್ ಪಕ್ಕಪಕ್ಕ ನಿಲ್ಲಿಸೋದೇ ಒಂದು ಸಾಹಸ. ಫ್ಲೋಟ್ ಹಾಕು, ಅದನ್ನ ಕ್ಲಿಯರ್ ಮಾಡು, ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಬೇರೇನೇ ಪೂಜೆ. ಅಂಥಾ ಹೊತ್ತಲ್ಲಿ 16 ಕಾಲಮ್ಮಿನ ಗ್ರಿಡ್ ಕೈಗೆ ಸಿಕ್ಕಿದ್ದು ವರವೇ. ಆದ್ರೆ 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಸಿಎಸ್‌ಎಸ್‌ನದೇ ಗ್ರಿಡ್ ಬಂತು, ಕಾಲಮ್ ನಿಲ್ಲಿಸೋಕೆ ಫ್ರೇಮ್‌ವರ್ಕ್ ಬೇಕೇ ಬೇಕು ಅಂತಿಲ್ಲ. 2023 ಮುಗಿಯೋಷ್ಟರಲ್ಲಿ ನೆಸ್ಟಿಂಗ್ (ರೂಲ್ ಒಳಗೆ ರೂಲ್), ಕಂಟೇನರ್ ಕ್ವೆರಿ (ಸುತ್ತಲಿನ ಪೆಟ್ಟಿಗೆಯ ಅಳತೆ ನೋಡಿ ಸ್ಟೈಲ್), ಹ್ಯಾಸ್ ಸೆಲೆಕ್ಟರ್ (ಒಳಗೆ ಏನಿದೆ ನೋಡಿ ಸ್ಟೈಲ್) ಎಲ್ಲವೂ ಮೂರರಲ್ಲೂ ಬಂದವು.

ಈಗಂತೂ ಕಥೆ ಪೂರ್ತಿ ಉಲ್ಟಾ. 2025ರ ಜನವರಿಯಲ್ಲಿ ಬಂದ ಟೈಲ್‌ವಿಂಡ್ 4ಕ್ಕೆ ಕಡಿಮೆ ಅಂದ್ರೂ ಸಫಾರಿ 16.4, ಕ್ರೋಮ್ 111, ಫೈರ್‌ಫಾಕ್ಸ್ 128 ಬೇಕು. ಹಳೇ ಬ್ರೌಸರ್ ಬೇಕಾದ್ರೆ 3.4ರಲ್ಲೇ ಇರಿ ಅಂತ ಅವರೇ ಹೇಳ್ತಾರೆ. ಹಳೇ ಬ್ರೌಸರ್‌ಗಳಿಂದ ನಮ್ಮನ್ನ ಕಾಪಾಡೋಕೆ ಬಂದ ಜಾತಿಯ ಸಾಮಾನು, ಇವತ್ತು ಹಳೇ ಫೋನ್ ಇರೋರನ್ನ ಬಾಗಿಲಲ್ಲೇ ನಿಲ್ಲಿಸ್ತಿದೆ.

ಹಾಗಾದ್ರೆ ಅದರಲ್ಲಿ ಉಳಿದಿರೋದು ಏನು? ಒಪ್ಪಂದ. ಹತ್ತು ಜನ ಒಂದೇ ಕೋಡಿನಲ್ಲಿ ಕೈಯಾಡಿಸುವಾಗ, ಬಟನ್‌ಗೂ ಕಾರ್ಡ್‌ಗೂ ನಡುವೆ ಜಾಗ 13 ಪಿಕ್ಸೆಲ್ಲೋ 15ಓ ಅಂತ ದಿನಾ ಜಗಳ ಆಡದೇ ಇರೋ ಒಪ್ಪಂದ. ಅದಕ್ಕೆ ಬೆಲೆ ಇದೆ, ಸುಳ್ಳಲ್ಲ. ನಾನು ಒಂದು ಕಂಪನಿಯಲ್ಲಿದ್ದಾಗ ಆರು ಸಾವಿರ ಸಾಲಿನ ಸ್ಟೈಲ್‌ಶೀಟ್ ಇತ್ತು. ಬರೆದವರು ಎಂದೋ ಕೆಲಸ ಬಿಟ್ಟು ಹೋಗಿದ್ರು. ಒಂದು ಸಾಲು ಅಳಿಸೋಕೂ ಯಾರಿಗೂ ಧೈರ್ಯ ಇಲ್ಲ, ಯಾವ ಪುಟ ಎಲ್ಲಿ ಕುಸಿಯುತ್ತೋ ಅಂತ. ಎಲ್ಲರೂ ಕೊನೇಲಿ ಇಂಪಾರ್ಟೆಂಟ್ (ಬೇರೆ ರೂಲ್‌ಗಳನ್ನ ಮೀರಿಸೋ ಪದ) ಅಂತ ಬರೆದು ಕೈ ತೊಳ್ಕೊಳ್ಳೋರು. ಟೈಲ್‌ವಿಂಡ್‌ನಲ್ಲಿ ಆ ಭಯ ಇಲ್ಲ. ಕ್ಲಾಸುಗಳು ಎಚ್‌ಟಿಎಂಎಲ್ ಒಳಗೇ ಇರೋದ್ರಿಂದ, ಅದನ್ನ ತೆಗೆದ್ರೆ ಅದರ ಅಂದಚಂದವೂ ಜೊತೆಗೇ ಹೋಗುತ್ತೆ. ದೊಡ್ಡ ತಂಡಕ್ಕೆ ನಾನು ಇವತ್ತೂ ಅದನ್ನೇ ಹೇಳ್ತೀನಿ.

ಆದ್ರೆ ನಾಲ್ಕು ಪುಟದ ಸೈಟಿಗೆ ನಾನೊಬ್ಬನೇ ಕೂತಿರುವಾಗ, ಯಾರ ಜೊತೆ ಒಪ್ಪಂದ? ಅದೂ ಬೇರೆ ಲಿಪಿಯನ್ನ ಮನಸ್ಸಲ್ಲಿ ಇಟ್ಕೊಂಡು ಯಾರೋ ಮಾಡಿದ ಒಪ್ಪಂದಕ್ಕೆ ನಾನ್ಯಾಕೆ ಸಹಿ ಹಾಕ್ಲಿ? ಸಭೆಯ ಸೈಟನ್ನ ಆಮೇಲೆ ಪೂರ್ತಿ ಕೈಯಾರೆ ಬರೆದೆ. ಇನ್ನೂರು ಸಾಲಿಗೂ ಕಡಿಮೆ. ಬಿಲ್ಡ್ ಅನ್ನೋ ನಡುವಿನ ಹಂತ ಇಲ್ಲ, ಅಪ್‌ಡೇಟ್ ಮಾಡೋಕೆ ಪ್ಯಾಕೇಜ್ ಇಲ್ಲ. ಕಛೇರಿ ತಾರೀಕು ಬದಲಾದ್ರೆ ಸಭೆಯ ಹುಡುಗನೇ ಫೈಲ್ ತೆರೆದು ತಿದ್ದುತ್ತಾನೆ.

ನೀವು ಯಾವುದು ಬಳಸ್ತಿದ್ರೂ ಸರಿ, ಈ ವಿಡಿಯೋ ನಿಲ್ಲಿಸಿ ನಿಮ್ಮ ಸೈಟಿನ ಅತಿ ದೊಡ್ಡ ಹೆಡ್ಡಿಂಗ್‌ನಲ್ಲಿ 'ರಾಷ್ಟ್ರಕೂಟ' ಅಂತ ಟೈಪ್ ಮಾಡಿ. ಷ್ಟ್ರ ಪೂರ್ತಿ ಕಾಣ್ತಿದೆಯಾ?